ಆಂಟಿ ಊಹಿಸಿದ ಗ್ರೇಡ್

ಮೊನ್ನೆ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದಾಗ ಲವಂಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸೂಜಿಗೆ ಹೆದರಿ ಮೊದಲೇ ಕಣ್ಣು ಮುಚ್ಚಿಕೊಂಡಿದ್ದೆ. ಪರ್ತ್‌ನ ಥಾರ್ನ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಕಣ್ಣ ಮುಂದೆ ಬಂದು ನಿಂತರು. ಅವರ ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು...

ಆಂಟಿ ಮಂಗಳೂರು ಕಡೆಯವರು. ಗಲ್ಫ್‌ನಲ್ಲಿ ಬ್ರಿಟಿಷ್ ಸಿಲೆಬಸ್ಸಿನ ಶಾಲೆಯೊಂದರಲ್ಲಿ ಬಹಳ ವರ್ಷ ಕೆಮಿಸ್ಟ್ರಿ ಕಲಿಸಿದವರು. ನಾನೋ ಹುಟ್ಟು ಪುಕ್ಕಲಿ. ಗಂಡನಿಗೆ ಇಂಗ್ಲೆಂಡಿಗೆ ವರ್ಗವಾಗುವ ಸುದ್ದಿ ಬಂದಾಗ ನನ್ನ ನಿದ್ದೆಯೇ ಹಾರಿಹೋಯಿತು. ಮಗಳು ಆಗ ಹತ್ತನೇ ತರಗತಿ, ಡಾಕ್ಟರಾಗಬೇಕು ಅನ್ನುತ್ತಿದ್ದಳು. ಅಲ್ಲಿನ ಓದಿನ ತಲೆಬುಡ ನನಗೆ ತಿಳಿಯದು. ಕೇಳೋಣವೆಂದು ಒಂದು ಸಂಜೆ ಆಂಟಿಯ ಹಿತ್ತಲಿಗೆ ಹೋದೆ.

ಒಣಗಿದ ಬಟ್ಟೆ ಮಡಚುತ್ತಾ ಅವರು ಬಿಡಿಸಿ ಹೇಳಿದರು. ಹದಿನಾರಕ್ಕೆ ಜಿಸಿಎಸ್‌ಇ, ನಮ್ಮ ಎಸ್ಸೆಸ್ಸೆಲ್ಸಿಯ ಹಾಗೆ. ಆಮೇಲೆ ಎರಡು ವರ್ಷ ಎ ಲೆವೆಲ್, ನಮ್ಮ ಪಿಯುಸಿಯ ಹಾಗೆ. ಅದರಲ್ಲಿ ಮೂರೋ ನಾಲ್ಕೋ ವಿಷಯ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಡಬೇಕು. ಆ ವಯಸ್ಸಿನಲ್ಲಿ ಕೆಮಿಸ್ಟ್ರಿ ಬೇಡವೆಂದ ಮಗುವಿಗೆ ಮೆಡಿಕಲ್ ಬಾಗಿಲು ಬಹುಮಟ್ಟಿಗೆ ಅಲ್ಲೇ ಮುಚ್ಚಿದ ಹಾಗೆ. ಇಷ್ಟೇ ಅಲ್ಲ. ಕೊನೆಯ ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಯೂನಿವರ್ಸಿಟಿಗೆ ಅರ್ಜಿ ಹೋಗುತ್ತದಂತೆ. ಮಗುವಿಗೆ ಯಾವ ಗ್ರೇಡ್ ಬರಬಹುದೆಂದು ಟೀಚರು ಊಹಿಸಿ ತಿಳಿಸಬೇಕಂತೆ. ಅದನ್ನು ನೋಡಿಯೇ ಸೀಟಿನ ಮಾತು.

“ಒಳ್ಳೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲ ಆಂಟಿ!” ಎಂದು ನಕ್ಕೆ.

ಆಂಟಿ ನಗಲಿಲ್ಲ. ಮಡಚಿಟ್ಟ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು.

“ನನ್ನ ಮಗಳು ನನ್ನ ಕ್ಲಾಸಿನಲ್ಲೇ ಇದ್ದದ್ದು ಮಾರಾಯ್ತಿ,” ಎಂದರು. “ಅವಳಿಗೆ ಎ ಬರ್ತದೆ ಅಂತ ನಂಗೆ ಗೊತ್ತಿತ್ತು. ಸ್ವಂತ ಮಗಳಂತ ಜಾಸ್ತಿ ಹಾಕಿದ್ಲು ಅಂತ ಜನ ಹೇಳ್ತಾರಲ್ಲ, ಆ ಹೆದರಿಕೆಗೆ ಬಿ ಹಾಕಿದೆ.”

ಆ ಬಿ ನೋಡಿ ಇಂಗ್ಲೆಂಡಿನ ಮೆಡಿಕಲ್ ಕಾಲೇಜುಗಳೆಲ್ಲ ಹುಡುಗಿಗೆ ಇಲ್ಲ ಅಂದವು. ಆಗಸ್ಟಿನಲ್ಲಿ ಫಲಿತಾಂಶ ಬಂದರೆ, ಎ. ಮರುವರ್ಷ ಮತ್ತೆ ಅರ್ಜಿ ಹಾಕಬಹುದಿತ್ತು. ಅಷ್ಟರಲ್ಲಿ ಅಂಕಲ್ ಕೆಲಸ ಹೋಗಿ, ಸಂಸಾರವೇ ಗಲ್ಫ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಬರಬೇಕಾಯಿತು. ಮಗಳು ಅಡಿಲೇಡಿನಲ್ಲಿ ಬೇರೇನೋ ಓದಿ ಅಲ್ಲೇ ಉಳಿದಳು. ಕ್ರಿಸ್ಮಸ್‌ಗೆ ಆಂಟಿ ಫೋನ್ ಮಾಡಿದರೆ ಬಿಸಿಲಿನ ಬಗ್ಗೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳಂತೆ...

ಆಂಟಿಯನ್ನು ಬೈಯಬೇಕೆಂದು ನನಗೆ ಅನ್ನಿಸಲೇ ಇಲ್ಲ. ನಡುಕ ಹುಟ್ಟಿದ್ದೇ ಅದಕ್ಕೆ. ಅವರ ಜಾಗದಲ್ಲಿ ನಾನಿದ್ದರೂ ಬಿ ಹಾಕುತ್ತಿದ್ದೆ. ನನ್ನ ಪುಕ್ಕಲುತನಕ್ಕೆ ಸಿ ಹಾಕಿದ್ದರೂ ಆಶ್ಚರ್ಯವಿಲ್ಲ. ಮನೆಗೆ ಬಂದವಳೇ ಗಂಡನ ಮುಂದೆ ಅತ್ತು, ಇಂಗ್ಲೆಂಡ್ ಬೇಡವೇ ಬೇಡ ಎಂದೆ. ಕೊನೆಗೆ ಕಂಪನಿಯವರು ಬ್ರಿಸ್ಬೇನಿಗೆ ಕಳಿಸಿದರು.

ಹೋದ ವರ್ಷ ಆಂಟಿ ತೀರಿಕೊಂಡರು. ಅಡಿಲೇಡಿನಿಂದ ಮಗಳು ಬಂದಿದ್ದಳಂತೆ, ಚರ್ಚಿನ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳಂತೆ. ನನಗೆ ಹೋಗಲಾಗಲಿಲ್ಲ.

ಡಾಕ್ಟರ ಕೆಲಸ ಮುಗಿದು ಹೊರಬಂದಾಗ ನನ್ನ ಮಗಳು ಕಾರಿನಲ್ಲಿ ಕಾಯುತ್ತಿದ್ದಳು. ಅವಳ ಹನ್ನೆರಡನೇ ತರಗತಿಯ ಫಲಿತಾಂಶ ಇನ್ನೇನು ಬರುವುದರಲ್ಲಿದೆ. ಈಗಲೂ ಮೆಡಿಕಲ್ಲೇ ಬೇಕು ಅವಳಿಗೆ.

“ಅಮ್ಮಾ, ವಾಟ್ ಡು ಯು ರೆಕನ್? ವಿಲ್ ಐ ಗೆಟ್ ಇನ್?” ಎಂದಳು.

ಅರ್ಧ ಬಾಯಿ ಮರಗಟ್ಟಿತ್ತು. ಸೀಟು ಸಿಗುತ್ತೆ ಅಂದು ಸಿಗದೇ ಹೋದರೆ? ‘ನೋಡೋಣ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದೂ ಒಂದು ಬಿ ಗ್ರೇಡೇ ಅಲ್ಲವೇ...

“ಸಿಗುತ್ತೆ ಕಣೇ,” ಎಂದೆ, ಸೊಟ್ಟ ಬಾಯಲ್ಲೇ.

‘ಹೆದರಿಕೊಂಡೇ ಹೇಳಿಬಿಟ್ಟೆ ಆಂಟಿ’ ಎಂದು ಫೋನ್ ಮಾಡಿ ತಿಳಿಸೋಣವೆಂದರೆ ಥಾರ್ನ್ಲಿಯಲ್ಲಿ ಈಗ ಯಾರೂ ಇಲ್ಲ.