ಕೋರ್ಟಿನ ಜಗಲಿಯಲ್ಲಿ ಅವಳ ಜಾಗ

ಆ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಕರಿ ಕೋಟಿನ ಸಡಿಲಾದ ಗುಂಡಿ ಹೊಲಿದುಕೊಟ್ಟಳು. ಆಮೇಲೆ ಇಬ್ಬರೂ ವಿರಾಜಪೇಟೆಯ ಕೋರ್ಟಿಗೆ ನಡೆದುಹೋದೆವು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಕೋರ್ಟಿನ ಬೋರ್ಡಿನ ಬಣ್ಣ ಇನ್ನೂ ಹೊಸದಾಗಿತ್ತು.

ನಾನು ಕಾಲೇಜು ಕಂಡವನಲ್ಲ. ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲನಾದವನು. ಅವಳು ಕೋರ್ಟಿಗೆ ಬರುತ್ತಿದ್ದುದು ಬೇರೆ ಕೆಲಸಕ್ಕೆ. ಊರಿನ ಕೆಲವರು ಸೇರಿ ಒಂದು ಸಣ್ಣ ಸಂಘ ಮಾಡಿದ್ದರು. ಒಂಟಿಯಾಗಿ ಕೋರ್ಟಿಗೆ ಬರುವ ಬಡವರ ಜೊತೆ ಕೂತು, ಒಳಗೆ ಏನು ನಡೆಯುತ್ತದೆ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಸಂಘದ ಕೆಲಸ. ಅವಳು ಅದರ ಸಮಿತಿಯಲ್ಲಿದ್ದಳು.

ಎಸ್ಟೇಟಿನ ಕೂಲಿ ಲೈನುಗಳಲ್ಲಿ ಇರುವವರು ಸಾಹುಕಾರರ ಎದುರಾಗಲಿ ಲೆಕ್ಕ ಬರೆಯುವ ರೈಟರ ಎದುರಾಗಲಿ ಕೂರುವುದಿಲ್ಲ. ಕೇಳಿದ್ದಕ್ಕೆಲ್ಲ ಹೌದು ಎನ್ನುವುದೇ ಅಲ್ಲಿನ ಮರ್ಯಾದೆ. ಕೋರ್ಟಿಗೆ ಬಂದರೂ ಅದು ಬಿಡುವುದಿಲ್ಲ. ನನ್ನ ಹೆಂಡತಿ ಚಪ್ಪಲಿ ಬಿಟ್ಟು, ಬೆಂಚನ್ನೂ ಬಿಟ್ಟು, ಜಗಲಿಯ ನೆಲದಲ್ಲಿ ಕೂತು ಎಲೆಅಡಿಕೆಯ ಚೀಲ ಬಿಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರೂ ಪಕ್ಕದಲ್ಲಿ ಕೂರುತ್ತಿದ್ದರು.

ಆ ದಿನ ಅವಳ ಪಕ್ಕದಲ್ಲಿದ್ದವಳು ಚೆಟ್ಟಳ್ಳಿ ಕಡೆಯ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸು, ಕಂಕುಳಲ್ಲಿ ಮಗು. ಗಂಡ ಬೇರೆಯವಳನ್ನು ಮನೆಗೆ ತಂದಿದ್ದ, ಇವಳು ಮಗುವನ್ನೆತ್ತಿಕೊಂಡು ಹೊರಬಂದಿದ್ದಳು. ತನಗೆ ಜೀವನಾಂಶ ಬೇಕೆಂದು ಅವಳು ನನ್ನ ಮೂಲಕ ಅರ್ಜಿ ಹಾಕಿದ್ದಳು. ನಾನು ಹತ್ತಿರ ಹೋದದ್ದೇ ದಡಬಡಿಸಿ ಎದ್ದು ನಿಂತಳು.

‘ನಿಮ್ಮ ಕರಿ ಕೋಟು ನೋಡಿದ್ರೆ ನಂಗೇ ಎದ್ದು ನಿಲ್ಬೇಕು ಅನಿಸ್ತದೆ, ಪಾಪ ಅವ್ಳು ಎಂತ ಮಾಡ್ಬೇಕು? ಆಚೆ ಹೋಗಿ ಮಾರಾಯ್ರೆ’ ಎಂದಳು ನನ್ನ ಹೆಂಡತಿ. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಆಚೆ ಹೋದೆ. ಕೇಸು ಮುಂದಕ್ಕೆ ಹೋಯಿತು.

ಮಾರನೆಯ ಬೆಳಿಗ್ಗೆ ನನ್ನ ಹೆಂಡತಿ ಒಲೆಯ ಮುಂದೆ ಕುಸಿದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಥಿ ಕಳೆದ ಮೇಲೆ ಸಂಘದ ಅಧ್ಯಕ್ಷರು ಮನೆಗೆ ಬಂದರು, ನಿವೃತ್ತ ಮೇಷ್ಟರು. ಸಮಿತಿಯಲ್ಲಿ ಅವಳ ಜಾಗ ಖಾಲಿ ಬಿಡುವುದು ಬೇಡ, ನೀವೇ ಬನ್ನಿ ಎಂದರು. ಸಂಜೆ ಹೊತ್ತು ಮನೆಗೆ ಬರಲು ನನಗೆ ಮನಸ್ಸಾಗುತ್ತಿರಲಿಲ್ಲ. ಒಪ್ಪಿಕೊಂಡೆ. ಮೊದಲ ಸಭೆಯಲ್ಲಿ ಅವಳು ಕೂರುತ್ತಿದ್ದ ಕುರ್ಚಿಯನ್ನೇ ಕೊಟ್ಟರು. ವಕೀಲರೇ ಬಂದ ಮೇಲೆ ಸಂಘಕ್ಕೆ ಬಲ ಬಂತು ಎಂದು ಎಲ್ಲರೂ ಹೇಳಿದರು. ಕಾಫಿ ಬಂತು. ಅವಳಾದರೆ ಸಕ್ಕರೆ ಬೇಡ ಎನ್ನುತ್ತಿದ್ದಳು. ನಾನು ಸುಮ್ಮನೆ ಕುಡಿದೆ.

ಆ ಹೆಂಗಸಿನ ಕೇಸು ಮತ್ತೆ ಬಂದ ದಿನ ಬೇಗನೆ ಹೋಗಿ ಜಗಲಿಯಲ್ಲಿ ಅವಳನ್ನು ಕಂಡೆ. ಕೋಟು ತೆಗೆದು ಬೆಂಚಿನ ಮೇಲಿಟ್ಟು, ನೆಲದಲ್ಲಿ ಕೂತೆ. ಅವಳು ಗಾಬರಿಯಾಗಿ ಕಂಬಕ್ಕೆ ಒತ್ತಿ ನಿಂತಳು. ಕೂತುಕೋ ಎಂದಷ್ಟೂ ದೂರ ಸರಿದಳು. ಕೊನೆಗೆ ನಾನೂ ಎದ್ದು ನಿಂತೇ ಹೇಳಿದೆ: ಗಂಡ ಮನೆಗೆ ಕರೆದಿದ್ದನೇ ಎಂದು ಕೇಳುತ್ತಾರೆ, ಯಾಕೆ ಹೋಗಲಿಲ್ಲ ಎಂಬುದನ್ನೂ ಹೇಳಬೇಕು, ಇನ್ನೊಬ್ಬಳಿರುವ ಮಾತು ನಿನ್ನ ಬಾಯಿಂದಲೇ ಬರಬೇಕು, ಇಲ್ಲದಿದ್ದರೆ ಜೀವನಾಂಶ ಸಿಗುವುದಿಲ್ಲ.

‘ಆಗಲಿ ಸಾಮಿ’ ಎಂದಳು. ಅರ್ಥವಾಯಿತೇ ಎಂದೆ. ಅದಕ್ಕೂ ‘ಆಗಲಿ ಸಾಮಿ’.

ಒಳಗೆ ಗಂಡನ ಕಡೆಯ ವಕೀಲರು ಒಂದೊಂದಾಗಿ ಕೇಳಿದರು. ಗಂಡ ಕರೆದನೇ? ಹೌದು ಸಾಮಿ. ನೀನೇ ಹೋಗಲಿಲ್ಲವೇ? ಹೌದು ಸಾಮಿ. ಮನೆಯಲ್ಲಿ ನಿನಗೆ ಯಾವ ತೊಂದರೆಯೂ ಇರಲಿಲ್ಲ ಅಲ್ಲವೇ? ಹೌದು ಸಾಮಿ. ನನ್ನ ಸರದಿ ಬಂದಾಗ ಎದ್ದು, ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ‘ನೀವು ಹೇಳಿದ ಹಾಗೆ ಸಾಮಿ’ ಎಂದಳು.

ಅರ್ಜಿ ವಜಾ ಆಯಿತು.

ಹೊರಗೆ ಬಂದು, ಸೋತೆವು ಎಂದು ಹೇಳಿದೆ. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಅವಳು ಜಗಲಿಯ ನೆಲ ನೋಡುತ್ತ ನಿಂತಳು.

‘ಅಮ್ಮ ಬರಲ್ವಾ ಸಾಮಿ ಇನ್ನು?’

ಸತ್ತ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಾಯಿತು, ಇಬ್ಬರೂ ನಿಂತುಕೊಂಡೇ.

ಮಡಿಕೇರಿಯ ಮೇಲಿನ ಕೋರ್ಟಿಗೆ ಹೋಗಿದ್ದೇವೆ. ಅಲ್ಲಿ ಏನಾಗುವುದೋ ತಿಳಿಯದು. ಸಮಿತಿಯಲ್ಲಿ ಈಗ ಯಾವ ಕುರ್ಚಿಯೂ ಖಾಲಿ ಇಲ್ಲ. ಕೋರ್ಟಿನ ಜಗಲಿಯಲ್ಲಿ ನೆಲದ ಮೇಲೆ ಯಾರೂ ಕೂತಿಲ್ಲ.