ಮಿಲ್ಕಾಬಾಯಿಯ ಎಲೆ ಚಪ್ಪರ

ಇಸಾಜಿ ಗಾರ್ಡರನ್ನು ಹೆಂಡತಿ ಮನೆಯಿಂದ ಹೊರಗೆ ಹಾಕಿದ್ದಾಳೆ ಎಂದೇ ನಾನು ತಿಳಿದಿದ್ದೆ. ಹೊಸಪೇಟೆಯ ಆ ಓಣಿಗೆ ನಾನು ಬಾಡಿಗೆಗೆ ಬಂದ ಹೊಸತು. ಕರಿ ಕೋಟು ಹಾಕಿ ರೈಲಿಗೆ ಹಸಿರು ಬಾವುಟ ತೋರಿಸುವ ಗಾರ್ಡು, ಸ್ವಂತ ಮನೆಯ ಬಾಗಿಲಲ್ಲಿ ಬಾಳೆದಿಂಡು, ತೆಂಗಿನ ಗರಿಯ ಗುಡಿಸಲು ಕಟ್ಟಿಕೊಂಡು ಅದರೊಳಗೆ ಉಣ್ಣಲು ಕುಳಿತಿದ್ದರು. ಹೆಂಡತಿ ಒಳಗಿನಿಂದ ತಾಟು ತಂದು ಕುಕ್ಕಿ ಹೋಗುತ್ತಿದ್ದರು. ಒಡೆದ ಸಂಸಾರ ಕೂಡಿಸುವುದರಲ್ಲಿ ನನ್ನ ಕೈಗುಣ ಒಳ್ಳೆಯದೆಂದು ಆಗ ನನಗೆ ಗಟ್ಟಿ ನಂಬಿಕೆ, ನನಗಿನ್ನೂ ಮದುವೆಯಾಗಿರಲಿಲ್ಲ. ಹೋಗಿ ಗಂಟಲು ಸರಿಮಾಡಿಕೊಂಡು, "ಬಾಯಾರ, ಸಿಟ್ಟು ಎಲ್ಲಾರಿಗೂ ಬರ್ತೈತಿ. ಯಜಮಾನರನ್ನ ಒಳಗ ಕರ್ಕೊಳ್ರಿ," ಎಂದೆ.

ಮಿಲ್ಕಾಬಾಯಿ ನನ್ನನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ನೋಡಿದರು.

"ಇದು ನಮ್ಮ ಹಬ್ಬ. ನೀ ಯಾರ್ಲೇ?"

ಇಸಾಜಿ ನಕ್ಕು ನನ್ನನ್ನು ಒಳಗೆ ಕೂರಿಸಿ ತಿಳಿಹೇಳಿದರು. ಅವರು ಯೆಹೂದಿಗಳು, ಊರಿಗೆಲ್ಲ ಅದೊಂದೇ ಮನೆ. ಅವರ ಹಿರಿಯರು ಈಜಿಪ್ಟಿನ ಜೀತದಿಂದ ಬಿಡಿಸಿಕೊಂಡು, ಗುಡಿಸಲು ಹಾಕುತ್ತ ಕೀಳುತ್ತ ನಲವತ್ತು ವರ್ಷ ಮರಳುಗಾಡಿನಲ್ಲಿ ಅಲೆದರಂತೆ. ಅದನ್ನು ಮರೆಯಬಾರದೆಂದು, ಸುಗ್ಗಿಯ ಹೊತ್ತಿಗೆ, ಹುಣ್ಣಿಮೆ ಸಂಜೆಯಿಂದ ಒಂದು ವಾರ ಎಲೆ ಚಪ್ಪರದಲ್ಲಿ ಉಣ್ಣಬೇಕು. ಮೇಲೆ ಕಡಿದು ತಂದ ಗರಿ ಸೊಪ್ಪು ಬಿಟ್ಟು ಬೇರೇನೂ ಇರಕೂಡದು. ಸಂದಿನಲ್ಲಿ ಚುಕ್ಕಿ ಕಾಣಬೇಕು. ಬಂದವರನ್ನು ಕರೆದು ಉಣಿಸಬೇಕು. ಮುಖ್ಯವಾಗಿ ಸಂತೋಷವಾಗಿರಬೇಕು, ಅದು ದೇವರ ಕಟ್ಟಪ್ಪಣೆ. ಮಿಕ್ಕಿದ್ದೆಲ್ಲವನ್ನೂ ಮಿಲ್ಕಾಬಾಯಿ ಚಾಚೂ ತಪ್ಪದೆ ಮಾಡುತ್ತಿದ್ದರು. ಸಂತೋಷದ ಖಾತೆಯನ್ನು ಮಾತ್ರ ಗಂಡನಿಗೆ ವಹಿಸಿದ್ದರು.

ಮಿಲ್ಕಾಬಾಯಿ ಹುಟ್ಟಿದ್ದು ಕೊಂಕಣದ ಕರಾವಳಿಯಲ್ಲಿ. ಅವರ ಜನ ಹಿಂದೆ ಅಲ್ಲಿ ಎಣ್ಣೆ ಗಾಣ ಆಡಿಸುತ್ತಿದ್ದರು; ಶನಿವಾರ ಗಾಣ ಮುಟ್ಟದ ಕಾರಣ 'ಶನಿವಾರದ ಗಾಣಿಗರು' ಎಂದೇ ಹೆಸರು. ಮುಂಬಯಿಯಲ್ಲಿ ಹೆರಿಗೆಯ ಕೆಲಸ ಕಲಿತು, ಗಂಡನ ನೌಕರಿಯ ಹಿಂದೆ ಹೊಸಪೇಟೆಗೆ ಬಂದರು. ನಮ್ಮ ಓಣಿಯ ಅರ್ಧ ಮಕ್ಕಳು ಅವರ ಕೈಯಲ್ಲಿ ಹುಟ್ಟಿದವು. ಹುಟ್ಟಿದ ಕೂಡಲೇ ಮಗು ಅಳುವುದಕ್ಕೆ ಮಿಲ್ಕಾಬಾಯಿಯ ಬೈಗುಳವೇ ಕಾರಣವೆಂದು ಬಾಣಂತಿಯರು ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಇಸಾಜಿ ತೀರಿಕೊಂಡರು. ಚಪ್ಪರ ಕಟ್ಟುತ್ತಿದ್ದವರು, ದಾರಿಹೋಕರನ್ನು ಕರೆಯುತ್ತಿದ್ದವರು, ನಗುತ್ತಿದ್ದವರು ಎಲ್ಲ ಅವರೇ. ಈ ಸಲ ಹಬ್ಬವಿಲ್ಲ ಎಂದುಕೊಂಡೆವು. ಆದರೆ ಶೀಗಿ ಹುಣ್ಣಿಮೆ ಹತ್ತಿರ ಬಂದಾಗ, ಪ್ರತಿ ವರ್ಷ ಚಪ್ಪರದ ಸಾಮಾನು ತಂದುಕೊಡುತ್ತಿದ್ದ ಬುಕ್ಕಸಾಗರದ ಹೊಳೆಮ್ಮ ಬಾಳೆದಿಂಡು, ಗರಿ, ಕಂಪ್ಲಿ ಕಬ್ಬು ಹೇರಿದ ಬಂಡಿ ತಂದು ನಿಲ್ಲಿಸಿದಳು.

"ಒಬ್ಬಾಕೀನ ಹ್ಯಾಂಗ ಕಟ್ತೀಯಬೇ?"

"ಆತ ಕಟ್ತಿದ್ದ, ನಾ ತಪ್ಪು ಹಿಡೀತಿದ್ದೆ. ಈಗ ಎರಡೂ ನಾನಾ. ಇಳಸು."

ಅಡ್ಡ ಬಂದವರು ಪಕ್ಕದ ಮನೆಯ ದೊಡ್ಡಬಸಪ್ಪ. ಅಕ್ಕಿ ವ್ಯಾಪಾರಿ. ಪುರಸಭೆಗೆ ನಿಂತು ಸೋತವರಾದರೂ 'ಮೆಂಬರ್ರೇ' ಎಂದು ಕರೆದರೆ ಮಾತ್ರ ಓಗೊಡುತ್ತಿದ್ದರು. ಗಾರ್ಡಿನ ಕೋಟಿಗೆ ಹೆದರಿ ಇಷ್ಟು ವರ್ಷ ಸುಮ್ಮನಿದ್ದವರು ಈಗ ಬೆಳ್ಳಿ ಕಟ್ಟಿನ ಬೆತ್ತ ಊರಿಕೊಂಡು ಹೊರಗೆ ಬಂದರು.

"ಇವತ್ತು ಗರಿ, ನಾಳೆ ತಗಡು, ನಾಡದು ಗ್ವಾಡಿ. ಈ ಪ್ಯಾಟ್ಯಾಗ ಅಂಗಡಿ ಹ್ಯಾಂಗ ಹುಟ್ತಾವ, ನನಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು! ಅವರ ಅಕ್ಕಿ ಅಂಗಡಿ ಅದೇ ಕ್ರಮದಲ್ಲಿ ಹುಟ್ಟಿ ಬೀದಿಗೆ ಬಂದು ನಿಂತಿತ್ತು.

"ತಗಡು ಹಾಕಿದ್ರ ನನ್ನ ಹಬ್ಬಾನ ಕೆಡ್ತೈತ್ರಿ!" ಮಿಲ್ಕಾಬಾಯಿ ಕೂಗಿದರು. "ಈ ಗರಿಗೂ ಆಕಾಶಕ್ಕೂ ನಡುವ ಏನೂ ಅಡ್ಡ ಬರಂಗಿಲ್ಲ!"

"ಹಂಗೇನು?" ಎಂದು ಮೆಂಬರು ಒಳಗೆ ಹೋದರು. ಅವರು ಮಾತು ಕಡಿಮೆ ಮಾಡಿದರೆ ಓಣಿಗೆ ಒಳ್ಳೆಯದಾದದ್ದಿಲ್ಲ.

ಹುಣ್ಣಿಮೆಯ ಮಧ್ಯಾಹ್ನ ಬಾಯಿ ಯಾರದೋ ಹೆರಿಗೆ ಮುಗಿಸಿ ಬಂದು ನೋಡಿದರೆ, ದೊಡ್ಡಬಸಪ್ಪನವರ ಗೋಡೆಯಿಂದ ಹೊರಟ ಹೊಸ ತಗಡು ಅವರ ಚಪ್ಪರದ ಮೇಲೆ ಕೊಡೆಯಂತೆ ಚಾಚಿತ್ತು.

"ನನ್ನ ಗ್ವಾಡಿ ಮಳ್ಯಾಗ ತೋಯ್ತಿತ್ರಿ," ಎಂದರು ಮೆಂಬರು. "ತಗಡು ನಿಮ್ಮ ನೆಲಕ್ಕ ಎಲ್ಲಿ ಮುಟ್ಟೈತಿ, ತೋರಸ್ರಿ."

ಸೂರ್ಯ ಮುಳುಗಿದರೆ ಹಬ್ಬ ಶುರು. ಆಮೇಲೆ ಗೂಟ ಬಡಿಯುವಂತಿಲ್ಲ. ತಗಡಿನ ಕೆಳಗಿನ ಚಪ್ಪರ ಅವರ ದೇವರ ಲೆಕ್ಕಕ್ಕೆ ಬರುವುದಿಲ್ಲ. ಗಂಡ ಇಲ್ಲದ ಮೊದಲ ವರ್ಷವೇ ಹಬ್ಬ ತಪ್ಪಿಹೋಗುವುದರಲ್ಲಿತ್ತು. ನಾನು ಮುಂದೆ ಬಂದು, ಆಗ ನಮ್ಮನ್ನು ಆಳುತ್ತಿದ್ದ ಮದರಾಸು ಸರ್ಕಾರಕ್ಕೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಜಡಿಯುತ್ತೇನೆ, ಕಲೆಕ್ಟರರೂ ತಲೆದೂಗಬೇಕು ಎಂದೆ.

"ನಿನ್ನ ಇಂಗ್ಲಿಷ್ ಇರ್ಲಿ. ಏಣಿ ಹಿಡಿ."

ನಮ್ಮ ಕಡೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ, ಒಳ್ಳೆ ಕಣದಂತೆ ಸಪಾಟು. ಮಿಲ್ಕಾಬಾಯಿ ಕಚ್ಚೆ ಬಿಗಿದು ಚಪ್ಪರ ಕಿತ್ತು, ದಿಂಡು ದಿಂಡೇ ಮೇಲೇರಿಸಿದರು. ಹೊತ್ತು ಮುಳುಗುವ ಮುಂಚೆ ಅದು ಅಲ್ಲಿ ನಿಂತಿತು, ಸಂಡೂರಿನ ಗುಡ್ಡದ ಕಡೆಗೆ ಸ್ವಲ್ಪ ವಾಲಿಕೊಂಡು. ಇಸಾಜಿ ಪ್ರತಿ ವರ್ಷ ತೂಗುಬಿಡುತ್ತಿದ್ದ ಹಾಗೆ ನಡುವೆ ಒಂದು ಮಾದಳ ಹಣ್ಣು ತೂಗಿತು. ಒಣದ್ರಾಕ್ಷಿಯ ಶರಬತ್ತಿಟ್ಟು ಪ್ರಾರ್ಥನೆ ಹೇಳಿ, ಎರಡು ತಾಟು ಹಾಕಿದರು. ಎರಡನೆಯದು ಅತಿಥಿಗೆ.

ಅತಿಥಿ ಬರಲಿಲ್ಲ. ಬಾಯಿಯ ಮಾಳಿಗೆ ಹತ್ತಿದವರು ತಮ್ಮ ಅಂಗಡಿ ಮೆಟ್ಟಿಲು ಹತ್ತಬಾರದೆಂದು ಮೆಂಬರು ಸಾರಿದ್ದರು. ನಾನೂ ಅಕ್ಕಿ ಉಣ್ಣುವವನೇ. ಏಣಿಯ ಬುಡದಿಂದಲೇ ಹಬ್ಬಕ್ಕೆ ಶುಭ ಕೋರಿದೆ.

ಆದರೆ ಒಂದು ಸಂಗತಿಯನ್ನು ಮೆಂಬರು ಎಣಿಸಿರಲಿಲ್ಲ. ಆ ಮಾಳಿಗೆಯಿಂದ ಅವರ ಒಳ ಅಂಗಳ ಅಂಗೈಯಷ್ಟು ಚೊಕ್ಕಟವಾಗಿ ಕಾಣುತ್ತಿತ್ತು. ಅವರು ದಿನಾ ಸಂಜೆ ಅಲ್ಲಿ, ಮೈಗೆ ಎಣ್ಣೆ ಹಚ್ಚಿ, ಬರೀ ಲಂಗೋಟಿಯಲ್ಲಿ, ಎಮ್ಮೆಯ ಮುಂದೆ ನಿಂತು ಮುಂದಿನ ಚುನಾವಣೆಯ ಭಾಷಣ ರೂಢಿ ಮಾಡುತ್ತಿದ್ದರು.

"ಮಹಾಜನರೇ, ನಾನು ಬಡವರ ಬಂಧು..."

"ಯಾವ ಬಡವರ್ರೀ ಮೆಂಬರ್ರೇ?" ಆಕಾಶದಿಂದ ಬಂತು ಪ್ರಶ್ನೆ. "ಒಬ್ಬರ ಹೆಸರರ ಹೇಳ್ರಿ!"

ಬೆಳದಿಂಗಳ ಊಟಕ್ಕೆಂದು ತಮ್ಮ ತಮ್ಮ ಮಾಳಿಗೆ ಹತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಮರುದಿನ ಮೆಂಬರು ಹಟಕ್ಕೆ ಬಿದ್ದು, ಬಡವರಿಗಾಗಿ ಹಗಲಿರುಳು ದುಡಿಯುತ್ತೇನೆ ಎಂದು ಭಾಷಣ ಮುಂದುವರಿಸಿದರು. "ನಿನ್ನೆ 'ಪ್ರಾಣ ಕೊಡ್ತೀನಿ' ಅಂದಿದ್ರಿ, ಇವತ್ತು ಬರೀ ದುಡಿಮಿಗೆ ಇಳಿದ್ರಲ್ಲ!" ಮೇಲಿನಿಂದ ತಿದ್ದುಪಡಿ ಬಂತು. ಹೆಂಡತಿ ಮರುಳಸಿದ್ದಮ್ಮ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳಂತೆ.

ಮೂರನೆಯ ಸಂಜೆ ದೊಡ್ಡಬಸಪ್ಪನವರು ಅಂಗಿ ತೊಟ್ಟು, ಬೆತ್ತ ಹಿಡಿದು ಏಣಿ ಹತ್ತಿದರು. ಜಗಳ ನೋಡುವುದಕ್ಕೆ ಹೆದರಿಕೆಯಿಲ್ಲವಾದ್ದರಿಂದ ನಾನೂ ಹಿಂದೆ ಹತ್ತಿದೆ.

"ಇಳೀರಿ ಕೆಳಗ! ತಗಡು ತಗಸ್ತೀನಿ!"

"ಬ್ಯಾಡ್ರಿ, ನಿಮ್ಮ ಗ್ವಾಡಿ ತೋಯ್ತೈತಿ. ಹೊರಗ ನಿಂತು ಬೈಬ್ಯಾಡ್ರಿ, ಒಳಗ ಬಂದು ಬೈರಿ."

ಮೆಂಬರು ತಲೆ ಬಗ್ಗಿಸಿ ಒಳಗೆ ಕಾಲಿಟ್ಟದ್ದೇ ತಡ, ಬಾಯಿ ಅವರ ಕೈಗೆ ಬಾಳೆಹಣ್ಣು ತುರುಕಿದರು. "ಕುಂದ್ರಿ. ತಿನ್ರಿ. ಬೇಯ್ಸಿದ್ದಲ್ಲ, ನಿಮ್ಮ ಆಚಾರ ಕೆಡಂಗಿಲ್ಲ."

ಹೆರಿಗೆ ಮನೆಯಲ್ಲಿ ಆ ದನಿಗೆ ಎದುರಾಡಿದವರಿಲ್ಲ. ದೊಡ್ಡಬಸಪ್ಪ ಕುಳಿತು ತಿಂದರು. ಬಾಯಿ ಎರಡನೆಯ ತಾಟನ್ನು ಅವರ ಮುಂದಕ್ಕೆ ಸರಿಸಿ, "ಆತು, ಅತಿಥಿ ಬಂದಂಗಾತು," ಎಂದರು.

"ನಾ ಅತಿಥಿ ಅಲ್ಲ! ಜಗಳಾಡಾಕ ಬಂದೀನಿ!"

"ಜಗಳಗಂಟ ಅತಿಥಿ ಅಲ್ಲ ಅಂತ ಎಲ್ಲೂ ಹೇಳಿಲ್ಲ. ನನ್ನ ಗಂಡ ಇದ್ದಿದ್ರ ನಕ್ಕೋಂತ ಕೊಡ್ತಿದ್ದ. ನನಗ ಅದು ಬರಂಗಿಲ್ಲ. ಇನ್ನೊಂದು ಹಣ್ಣು ಹಿಡೀರಿ."

ಮೆಂಬರು ಹಿಡಿದರು. ಸಂಡೂರಿನ ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ಅವರು ಗರಿಯ ಸಂದಿನಿಂದ ಅದನ್ನು ನೋಡಿ, ಹೋದ ಮರ್ಯಾದೆಯನ್ನು ಒಂದೇ ಮಾತಿನಲ್ಲಿ ಹಿಂದೆ ತರುವವರಂತೆ, ಭಾಷಣದ ದನಿ ತೆಗೆದು ಕೇಳಿದರು:

"ಅಲ್ರೀ ಬಾಯಿ, ಇಷ್ಟೆಲ್ಲಾ ಶಾಸ್ತ್ರ ಮಾಡಿ ಕುಂತೀರಿ. ಈಗ ಮಳಿ ಬಂದ್ರ ಏನ್ ಮಾಡ್ತೀರಿ?"

"ಒಳಗ ಹೋಗ್ತೀನಿ. ಕೆಳಗ ಮನಿ ಐತಿ, ಕಾಣಂಗಿಲ್ಲೇನು?"