ಕೋಟಿಯ ಮೇಲೊಂದು, ಹತ್ತರ ಮೇಲೊಬ್ಬಳು

ಕಳೆದ ವಾರ ನಮ್ಮ ಮನೆಯ ಶಾಂತಿ ಕಾಪಾಡಿದ್ದು ಒಂದು ಸಂಖ್ಯೆ: 1,00,00,001.

ಕಡಿಯಾಳಿಯ ನಮ್ಮ ಓಣಿಯ ಹತ್ತು ಹೆಂಗಸರು ಸೇರಿ ದೇವಿಯ ನಾಮವನ್ನು ಕೋಟಿ ಸಲ ಜಪಿಸಲು ಹೊರಟಿದ್ದಾರೆ. ಬರೀ ಕೋಟಿಯಾದರೆ ಕೊನೆಗೆ ಸೊನ್ನೆ ಬರುತ್ತದಲ್ಲ, ಶುಭವೇ? ಆದ್ದರಿಂದ ಮೇಲೊಂದು. ಹಂಚಲು ಕೂತಾಗ ತಕರಾರು ಶುರು. ತಲಾ ಹತ್ತು ಲಕ್ಷ ಹೋಗಿ ಒಂದು ಉಳಿಯಿತು. ಆ ಒಂದು ಎಲ್ಲರಿಗೂ ಬೇಕು. (ಪುಣ್ಯದ ವಿಷಯದಲ್ಲಿ ನಮ್ಮಲ್ಲಿ ಅಡ್ಜಸ್ಟ್‌ಮೆಂಟ್ ಇಲ್ಲ.)

ನಾನು ನಿವೃತ್ತ ಗಣಿತ ಮೇಷ್ಟ್ರು. ಜಪದ ಮುಖ್ಯಸ್ಥೆ ಸುಮತಿಯಕ್ಕ ನಮ್ಮ ಗೇಟಿಗೆ ಬಂದರು.

"ಸಮಪಾಲು ಆಗ್ಬೇಕು ಮಾಸ್ಟ್ರೇ. ಒಬ್ಬರನ್ನು ಬಿಟ್ಟು ಒಂಬತ್ತು ಮಾಡಿದ್ರೆ?"

"ಎರಡು ಉಳಿಯುತ್ತದೆ."

"ಮತ್ತೆ ಎಂತ ಮಾಡುದು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ಹೆಂಡತಿ ಜಯಂತಿ ಕಿವಿಯಾಗಿದ್ದಳು. ಹೋದ ವರ್ಷದವರೆಗೆ ಅವಳೂ ಈ ಗುಂಪಿನವಳೇ. ಸುಮತಿಯಕ್ಕ ಬೆರಳಿಗೆ ಸಿಕ್ಕಿಸಿದ ಎಣಿಕೆಯ ಕೌಂಟರ್ ಒತ್ತುತ್ತಾ ಜಪ ಮಾಡುವುದನ್ನು ನೋಡಿ, "ನಿಮ್ಮ ಬೆರಳು ಬಾಯಿಗಿಂತ ಫಾಸ್ಟ್ ಉಂಟಲ್ಲ" ಅಂದಿದ್ದಳು. ಅಷ್ಟೇ, ಹೊರಗೆ. ಅಂದಿನಿಂದ ಗುಂಪು ಸೇರುವ ಪ್ರತಿ ಶುಕ್ರವಾರ ಸಂಜೆ ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ.

ನಾನು ಪೆನ್ನು ತೆಗೆದೆ. ಒಂದು ಬಿಟ್ಟು ಒಂದು ಅಂಕಿ ಕೂಡಿಸಿದರೆ ಎರಡೂ ಸಾಲಿನ ಮೊತ್ತ ಒಂದೊಂದೇ. ವ್ಯತ್ಯಾಸ ಸೊನ್ನೆ. ಅಂದರೆ ಹನ್ನೊಂದರಿಂದ ಭಾಗ ಹೋಗುತ್ತದೆ! ತಲಾ 9,09,091. ಆ 9,09,091 ಅವಿಭಾಜ್ಯ, ಅದನ್ನು ಮತ್ತೆ ಒಡೆಯಲು ಯಾರಪ್ಪನಿಂದಲೂ ಸಾಧ್ಯವಿಲ್ಲ.

"ಸಮಪಾಲು ಬೇಕಾದರೆ ನೀವೊಬ್ಬರೇ ಪೂರ್ತಿ ಮಾಡಬೇಕು, ಇಲ್ಲ ಹನ್ನೊಂದು ಜನ ಬೇಕು" ಅಂದೆ. "ಅದೂ ಬೇಡವಾದರೆ ಒಂಬತ್ತು ಲಕ್ಷದ ಒಂಬತ್ತು ಸಾವಿರದ ತೊಂಬತ್ತೊಂದು ಜನ. ಸಂತೆಕಟ್ಟೆಯವರೆಗೂ ಚಾಪೆ ಹಾಸಬೇಕಾದೀತು."

"ಮೇಲಿನ ಒಂದು ಬಿಟ್ರೆ ಹತ್ತೇ ಜನಕ್ಕೆ ಸರಿಯಾಗ್ತದಲ್ವಾ?"

ಮೂವತ್ತು ವರ್ಷ ಪಾಠ ಮಾಡಿದವನು ಮೊದಲ ಬಾರಿ ಸರಿಯುತ್ತರಕ್ಕೆ ಮಾರ್ಕು ಕೊಡಲಿಲ್ಲ. "ಕೋಟಿ ಜಪವನ್ನು ಸೊನ್ನೆಯಲ್ಲಿ ಮುಗಿಸುವುದಾ ಸುಮತಿಯಕ್ಕ?" ಅಂದೆ.

ಅವರು ಓಣಿಯ ಮನೆಗಳನ್ನು ಬೆರಳಲ್ಲಿ ಎಣಿಸಿದರು. ಜಪ ರೂಢಿಯಿದ್ದು ಶುಕ್ರವಾರ ಬಿಡುವಿರುವ ಹನ್ನೊಂದನೆಯವಳು ಓಣಿಯಲ್ಲಿ ಒಬ್ಬಳೇ. ಅವರ ಕಣ್ಣು ಅಡುಗೆಮನೆ ಕಡೆ ಹೋಯಿತು.

"ಜಯಂತಿ," ಕರೆದರು, "ನಾಡಿದ್ದು ಐದು ಗಂಟೆಗೆ ಬಾ. ಬರುವಾಗ ಬಾಯಿ ಸ್ವಲ್ಪ ಮನೆಯಲ್ಲೇ ಇಟ್ಟು ಬಾ ಮಾರಾಯ್ತಿ."

ಶುಕ್ರವಾರ ಅವಳು ವಾಪಸು ಬಂದಾಗ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಬೆರಳಲ್ಲಿ ಹೊಸ ಕೌಂಟರ್.

"ಸುಮತಿಯಕ್ಕನ ಬೆರಳು ಈಗಲೂ ಫಾಸ್ಟಾ?" ಕೇಳಿದೆ.

"ಈಗ ನನ್ನದೂ ಫಾಸ್ಟೇ. ಒಂದು ವರ್ಷದ ಮಾತು ಬಾಕಿ ಉಂಟಲ್ಲ, ಅದಕ್ಕೆ ಟೈಮ್ ಬೇಡ್ವಾ?"

ಕೋಟಿಯ ಲೆಕ್ಕ ತಪ್ಪಿದರೆ ತಪ್ಪಲಿ ಬಿಡಿ, ಹನ್ನೊಂದರ ಲೆಕ್ಕ ಸರಿಯಾಯಿತಲ್ಲ?